ಎಳ್ಳಮಾವಾಸ್ಯೆಗೆ ಕಮಲಾಪುರ

ಎಳ್ಳಮಾವಾಸ್ಯೆಯ ದಿನ ಕಲಬುರ್ಗಿಯಲ್ಲಿ ಮಧ್ಯಾಹ್ನ ಯಾರ ಮನೆಯಲ್ಲೂ ಎಲೆ ಹಾಕುವುದಿಲ್ಲ. ಹೊಲವಿದ್ದವರು ಬುತ್ತಿ ಕಟ್ಟಿಕೊಂಡು ತಮ್ಮ ಹೊಲಕ್ಕೆ ಹೋಗುತ್ತಾರೆ, ಇಲ್ಲದವರು ಕರೆದವರ ಹೊಲಕ್ಕೆ ಹೋಗುತ್ತಾರೆ. ಬೆಳೆದು ನಿಂತ ಪೈರಿನ ನಡುವೆ ಕುಳಿತು ಉಂಡು, ಸಂಜೆಗೆ ಕಡಲೆ ಗಿಡ ಕಿತ್ತುಕೊಂಡು ಊರಿಗೆ ಮರಳುತ್ತಾರೆ. ಮಿಲಿಟರಿ ಬಂದು ನಿಜಾಮನ ರಾಜ್ಯ ಮುಗಿದ ಮೇಲೆ ಅದು ಎರಡನೆಯ ಎಳ್ಳಮಾವಾಸ್ಯೆ. ನಿಜಾಮನ ಪರ ಬಂದೂಕು ಹಿಡಿದ ರಜಾಕಾರರ ಹಾವಳಿಯಲ್ಲಿ ಹೊಲದ ಮುಖ ನೋಡದಿದ್ದ ಜನರೆಲ್ಲ ಆ ವರ್ಷ ಒಂದೇ ಸಲಕ್ಕೆ ಹೊರಬಿದ್ದಿದ್ದರು. ಕಮಲಾಪುರದ ಮೋಟಾರಿನಲ್ಲಿ ಕಾಲಿಡಲು ಜಾಗವಿರಲಿಲ್ಲ.

ಆ ನೂಕುನುಗ್ಗಲಿನಲ್ಲಿ ಶಹಾಬಜಾರಿನ ದುಂಡಮ್ಮ ಯಾರ ಮೈಯೂ ತನಗೆ ತಾಗದಂತೆ ಕಿಟಕಿಗೆ ಒತ್ತಿಕೊಂಡು ಕುಳಿತಿದ್ದಳು. ಮಡಿಲಲ್ಲಿ ಒಂದು ಗಂಟು. ಅದರಲ್ಲಿ ವಿಭೂತಿ, ಬಿಲ್ವಪತ್ರೆ, ಎರಡು ಶೇಂಗಾ ಹೋಳಿಗೆ. ಗಂಡನಿಲ್ಲದ ಅವಳಿಗೆ ಮಾದೇವ ಒಬ್ಬನೇ ಮಗನಾಗಿದ್ದ. ಒಕ್ಕಲುತನ ಕಲಿಯಲಿ ಎಂದು ಅವನನ್ನು ಕಮಲಾಪುರದಲ್ಲಿದ್ದ ತನ್ನ ತಮ್ಮ ಭಾಗಪ್ಪನ ಬಳಿ ಬಿಟ್ಟಿದ್ದಳು. ಮಿಲಿಟರಿ ಬರುವ ಮೊದಲಿನ ಶ್ರಾವಣದಲ್ಲಿ ರಜಾಕಾರರು ಆ ಹೊಲಕ್ಕೆ ನುಗ್ಗಿ ಹುಡುಗನನ್ನು ಗುಂಡಿಟ್ಟು ಕೊಂದರು. ಕಮಲಾಪುರದ ದಾರಿ ಮುಚ್ಚಿತ್ತು. ತಾಯಿಗೆ ಮಗನ ಮುಖ ನೋಡಲು ಸಿಗಲಿಲ್ಲ, ಮಣ್ಣು ಹಾಕುವ ಭಾಗ್ಯವೂ ಸಿಗಲಿಲ್ಲ. ಶಿವ ಕೊಟ್ಟ, ಶಿವ ಕರೆಸಿಕೊಂಡ ಎಂದು ಜನ ಹೇಳಿದರು. ಅವಳೂ ತಲೆಯಾಡಿಸಿದ್ದಳು. ಆದರೆ ಶಿವನ ಮೇಲೆ ಹಾಕಲಾರದ ಸಿಟ್ಟನ್ನೆಲ್ಲ ಅವಳು ಕಮಲಾಪುರದ ಮೇಲೆ ಹಾಕಿದ್ದಳು. ಆ ಊರಿನ ಮಣ್ಣು, ಆ ಊರಿನ ತಮ್ಮ, ಆ ಊರಿನ ಮುಸಲ್ಮಾನರು, ಎಲ್ಲರೂ ಸೇರಿ ತನ್ನ ಮಗನನ್ನು ತಿಂದರೆಂದೇ ಅವಳ ಲೆಕ್ಕ.

ಪಕ್ಕದಲ್ಲಿ ಅವಳದೇ ಓಣಿಯ ಬಟ್ಟೆ ಅಂಗಡಿಯ ನೀಲಕಂಠಪ್ಪ ನಿಂತಿದ್ದ. ಭಾಗಪ್ಪ ಅವನ ಗಿರಾಕಿ, ಆದ್ದರಿಂದ ಅವನಿಗೂ ಅವನ ಹೆಂಡತಿಗೂ ನೆಂಟರಿಗೂ ಕರೆ ಬಂದಿತ್ತು. ಊರೂರು ತಿರುಗುವುದೆಂದರೆ ಅವನಿಗೆ ಅನ್ನಕ್ಕಿಂತ ಹೆಚ್ಚು.

"ನೋಡ್ರಿ ದುಂಡವ್ವಾರ, ಹುಣ್ಣಿಮಿಗೆ ಗಾಣಗಾಪುರ, ಬ್ಯಾಸಗ್ಯಾಗ ಮಳಖೇಡದ ಹೊಳಿ, ಎಳ್ಳಮಾಸಿಗೆ ಕಮಲಾಪುರ. ಇವು ಬಿಟ್ಟು ಮತ್ತೆಲ್ಲಿ ಹೋದ್ರೂ ಮೋಟಾರಿನ ಧೂಳಷ್ಟ ಗಿಟ್ಟತದ. ಕಮಲಾಪುರದ ಕೆಂಪು ಬಾಳಿಹಣ್ಣು ಒಂದ ತಿಂದ್ರ ಸಾಕು, ಸಂಜಿ ತನಕ ಹಸಿವಿ ಅನ್ನೂದಿಲ್ಲ."

"ನಾ ತಿರಗಾಡಾಕ ಹೊಂಟಿಲ್ಲ ನೀಲಕಂಠಪ್ಪ. ಮಗನ್ನ ನೋಡಾಕ ಹೊಂಟೀನಿ. ನಿನ್ನ ಬಾಯಿಗೆ ಒಂದು ಬೀಗ ಹಾಕು."

ನೀಲಕಂಠಪ್ಪ ನಕ್ಕು ಮುಖ ತಿರುಗಿಸಿ ಇನ್ನೊಬ್ಬರಿಗೆ ಅದೇ ಹೇಳತೊಡಗಿದ.

ಭಾಗಪ್ಪ ಬಂಡಿ ಹೂಡಿಕೊಂಡು ಮೋಟಾರು ನಿಲ್ಲುವಲ್ಲಿಗೇ ಬಂದಿದ್ದ. ಅಕ್ಕನ ಕಾಲು ಮುಟ್ಟಲು ಬಾಗಿದ. ಅವಳು ಕಾಲು ಹಿಂದಕ್ಕೆಳೆದುಕೊಂಡಳು.

"ಅಕ್ಕಾ, ಇನ್ನೂ ಸಿಟ್ಟ ಏನ?"

"ಬಂಡಿ ಹೊಡಿ."

ಅವಳ ಸಿಟ್ಟಿಗೆ ಕಾರಣವಿತ್ತು. ಹಾವಳಿ ಹೆಚ್ಚಾದಾಗ ಭಾಗಪ್ಪ ಹೆಂಡತಿ ಮಲ್ಕಮ್ಮನನ್ನೂ ಮಕ್ಕಳನ್ನೂ ಕರೆದುಕೊಂಡು ನಿಜಾಮನ ಗಡಿ ದಾಟಿ ಅಕ್ಕಲಕೋಟೆಗೆ ಹೋಗಿದ್ದ. ಎತ್ತುಗಳನ್ನು ನೋಡಿಕೊಳ್ಳಲು ಮಾದೇವನನ್ನು ಬಿಟ್ಟುಹೋಗಿದ್ದ. ಸುದ್ದಿ ಕೇಳಿ ತಾನು ಜೀವ ಕೈಯಲ್ಲಿ ಹಿಡಿದು ಮರಳಿ ಬಂದು, ಜಂಗಮರನ್ನು ಕರೆಸಿ, ಅಳಿಯನನ್ನು ಕ್ರಮದಂತೆ ಕೂಡಿಸಿ, ಎಡ ಅಂಗೈಯಲ್ಲಿ ಲಿಂಗವಿಟ್ಟು ಸಮಾಧಿ ಮಾಡಿದೆನೆಂದು ಆಮೇಲೆ ಅಕ್ಕನಿಗೆ ಹೇಳಿದ್ದ. ಬಾವಿಯ ಪಕ್ಕದ ಬೇವಿನ ಮರದ ಬುಡದಲ್ಲಿ ಒಂದು ಕಟ್ಟೆ ಕಟ್ಟಿಸಿ ಸುಣ್ಣ ಬಳಿಸಿದ್ದ. ಹುಡುಗನನ್ನು ಬಿಟ್ಟುಹೋದದ್ದಕ್ಕೆ ತಮ್ಮನಿಗೆ ಅವಳಿಂದ ಕ್ಷಮೆ ಸಿಗಲಿಲ್ಲ. ಕೂಡಿಸಿ ಕಳಿಸಿದನಲ್ಲ ಎಂಬುದೊಂದಕ್ಕಾಗಿ ಅವನ ಹೊಲದಲ್ಲಿ ಕಾಲಿಡಲು ಒಪ್ಪಿದ್ದಳು. ಲಿಂಗವಂತರಲ್ಲಿ ಸತ್ತವನು ಕುಳಿತು ಲಿಂಗ ನೋಡುತ್ತಿರಬೇಕು. ಮಗ ಹಾಗೆ ಕುಳಿತಿದ್ದಾನೆ ಎಂಬ ನೆನಪಿನಿಂದಲೇ ದುಂಡಮ್ಮ ಪ್ರತಿದಿನ ಪೂಜೆಗೆ ಕೂಡುತ್ತಿದ್ದಳು. ಆ ನೆನಪಿಲ್ಲದಿದ್ದರೆ ಅವಳು ಅಷ್ಟು ದಿನ ಬದುಕುತ್ತಿರಲಿಲ್ಲ.

ಹೊಲ ತಲುಪಿದವಳೇ ಯಾರೊಂದಿಗೂ ಮಾತಾಡದೆ ಕಟ್ಟೆಯ ಬಳಿಗೆ ಹೋದಳು. ವಿಭೂತಿ ಹಚ್ಚಿದಳು, ಪತ್ರೆ ಏರಿಸಿದಳು, ಹೋಳಿಗೆ ಇಟ್ಟಳು. "ಮಾದೇವಾ, ಅವ್ವ ಬಂದೀನಿ," ಎಂದಳು. ಹಣೆಯನ್ನು ಕಲ್ಲಿಗೆ ಹಚ್ಚಿ ಬಹಳ ಹೊತ್ತು ಹಾಗೆಯೇ ಇದ್ದಳು.

ಅವಳು ಎದ್ದು ಬರುವಷ್ಟರಲ್ಲಿ ಬನ್ನಿಗಿಡದ ಕೆಳಗೆ ಜೋಳದ ದಂಟಿನ ಗುಡಿಸಲು ಸಿದ್ಧವಾಗಿತ್ತು. ಒಳಗೆ ಪಾಂಡವರೆಂದು ಸುಣ್ಣ ಬಳಿದ ಐದು ಕಲ್ಲು. ಮಲ್ಕಮ್ಮ ಬುಟ್ಟಿಗಳನ್ನು ಬಿಚ್ಚಿ ಸಜ್ಜೆ ರೊಟ್ಟಿ, ಕಾಳು ಸೊಪ್ಪು ಕೂಡಿಸಿದ ಭಜ್ಜಿ, ಕಡುಬು, ಅಂಬಲಿಯ ಗಡಿಗೆ ಎಲ್ಲ ಹೊರಗಿಟ್ಟಿದ್ದಳು. ಪೂಜೆಯಾಯಿತು. ಇನ್ನು ಚರಗ ಚೆಲ್ಲಬೇಕು. ಮಾಡಿದ ಅಡಿಗೆಯನ್ನೆಲ್ಲ ಒಂದಿಷ್ಟು ಕಲಸಿ, ಹೊಲದ ತುಂಬ ಭೂಮಿತಾಯಿಗೆ ಚೆಲ್ಲಿ ಬಂದ ಮೇಲೆಯೇ ಊಟ. ಅದಕ್ಕೆ ಇಬ್ಬರು ಬೇಕು. ಮುಂದಿನವನು ಚೆಲ್ಲುತ್ತ ಕೂಗುತ್ತಾನೆ, ಹಿಂದಿನವನು ನೀರು ಚಿಮುಕಿಸುತ್ತ ಉತ್ತರ ಕೊಡುತ್ತಾನೆ.

"ನೀರಿನ ತಂಬಿಗಿ ಯಾರ ಹಿಡೀತೀರಿ?" ಎಂದ ಭಾಗಪ್ಪ.

ಮೊದಲು ಆ ತಂಬಿಗೆ ಹಿಡಿಯುತ್ತಿದ್ದವನು ಬದುವಿನಾಚೆಯ ತುಂಡುಹೊಲದ ಜಹಾಂಗೀರ್. ಭಾಗಪ್ಪನ ತಂದೆಯ ಕಾಲದಿಂದ ಅವನದೇ ಆ ಕೆಲಸ. ಅವನ ಗಂಟಲು ಮೂರು ಹೊಲದಾಚೆ ಕೇಳುತ್ತಿತ್ತಂತೆ. ಮಿಲಿಟರಿ ಬಂದ ವಾರದಲ್ಲಿ ಸೇಡು ತೀರಿಸಿಕೊಳ್ಳಲು ಹೊರಟ ಗುಂಪೊಂದು ಅವನನ್ನೂ ಕೊಂದಿತು. ದುಂಡಮ್ಮನಿಗೆ ಆ ಸುದ್ದಿ ತಿಳಿದಾಗ ಒಳಗೆ ಏನೂ ಆಗಿರಲಿಲ್ಲ. ಇವರದೂ ಒಂದು ಹೋಯಿತು ಎಂದುಕೊಂಡಿದ್ದಳು.

"ಕೊಡ್ರಿ ಇಲ್ಲಿ, ನಾ ಏನ್ ಕಡಿಮಿ?" ಎಂದು ನೀಲಕಂಠಪ್ಪ ಮುಂದೆ ಬಂದ. ಕಾಲಲ್ಲಿ ಕಿರ್ರೆನ್ನುವ ಹೊಸ ಚಪ್ಪಲಿ. ಚರಗಕ್ಕೆ ಬರಿಗಾಲಲ್ಲಿ ಹೋಗಬೇಕೆಂಬುದು ಪೇಟೆಯವನಿಗೆ ಹೊಳೆಯಲಿಲ್ಲ. ಅಂಗಡಿಯವನ ಮುಲಾಜಿಗೆ ಭಾಗಪ್ಪನೂ ಹೇಳಲಿಲ್ಲ.

"ಓಲಗ್ಯಾ ಓಲಗ್ಯಾ!" ಎಂದು ಕೂಗಿದ ಭಾಗಪ್ಪ.

"ಸಾಲೋಂ ಪೋಲಗ್ಯಾ! ಯಪ್ಪಾ, ಮುಳ್ಳ ಅದಾವಲ್ಲೋ! ಸಾಲೋಂ ಪೋಲಗ್ಯಾ!"

ಹೆಂಗಸರು ನಕ್ಕರು. ಇಬ್ಬರೂ ಜೋಳದ ಸಾಲು ಮುಗಿಸಿ ಬದುವಿನ ಅಂಚಿನ ಕುಸುಬಿಯೊಳಗೆ ಹೊಕ್ಕರು. ನೀಲಕಂಠಪ್ಪ ಎಲ್ಲರಿಗೂ ಕಾಣಲೆಂದು ಅಲ್ಲಿ ಕುಣಿದುಕೊಂಡು ನೀರು ಚಿಮುಕಿಸಿದ.

ಆಗ ಬದುವಿನಾಚೆಯಿಂದ ಒಂದು ಹೆಣ್ಣಿನ ದನಿ ಸೀಳಿಕೊಂಡು ಬಂತು.

"ಏ ಹರಾಮಖೋರ! ಚಪ್ಪಲ್ ಬಿಡೋ! ಯಾರ ಎದಿ ಮ್ಯಾಲ ಕುಣಿಯಾಕತ್ತಿ ಗೊತ್ತದ ಏನ?"

ಆಡಿಗೆ ಹುಲ್ಲು ಕೊಯ್ಯುತ್ತಿದ್ದ ಮಸ್ತಾನಬಿ, ಜಹಾಂಗೀರನ ಹೆಂಡತಿ, ಕುಡಗೋಲು ಹಿಡಿದೇ ಬದು ಹತ್ತಿ ನಿಂತಿದ್ದಳು. ಗಂಡ ಸತ್ತಂದಿನಿಂದ ಅವಳು ಆ ಹೊಲದವರ ಜೊತೆ ಒಂದು ಮಾತೂ ಆಡಿರಲಿಲ್ಲ. ಇವರೂ ಆಡಿಸಿರಲಿಲ್ಲ.

ನೀಲಕಂಠಪ್ಪನ ಕೈಯಿಂದ ತಂಬಿಗೆ ಜಾರಿತು. ಭಾಗಪ್ಪ ರೇಗಿದ.

"ಹಬ್ಬದ ದಿನ ಬಾಯಿ ಹೊಲಸ ಮಾಡಬ್ಯಾಡ ಬೀ. ಹೋಗು ನಿನ್ನ ಕೆಲಸ ನೋಡು."

"ನೋಡೂದಽ ನೋಡೀನಿ. ಎರಡ ಸಲ ಅವನ ಮ್ಯಾಲ ನೇಗಿಲ ಹೊಡದಿ, ನೋಡೀನಿ. ಬಿತ್ತಿದಿ, ನೋಡೀನಿ. ಎತ್ತಿಗೆ ಬುದ್ಧಿ ಇಲ್ಲ, ನಿನಗ ಹೇಳಿ ಏನ ಮಾಡ್ಲಿ ಅಂತ ಬಿಟ್ಟೆ. ಈಗ ಮಂದಿ ಕರಕೊಂಡ ಬಂದು ಕುಣಸಾಕತ್ತಿ!"

ದುಂಡಮ್ಮ ಎದ್ದು ಬಂದಿದ್ದಳು. ಜೋಳದ ಗರಿಗಳು ಮುಖವನ್ನು ಕೊಯ್ದದ್ದೂ ಅವಳಿಗೆ ತಿಳಿಯಲಿಲ್ಲ.

"ಯಾರ ಮ್ಯಾಲ?" ಎಂದಳು.

ಮಸ್ತಾನಬಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಗುರುತು ಹತ್ತಿತು. ಆದರೆ ಕಣ್ಣು ಮೆತ್ತಗಾಗಲಿಲ್ಲ.

"ನಿನ್ನ ಮಗನ ಮ್ಯಾಲ, ಬಾಯೀ. ಮತ್ತ್ಯಾರ?"

"ನನ್ನ ಮಗ ಬೇವಿನ ಗಿಡದ ಬುಡಕ್ಕ ಇದ್ದಾನ. ನಿನ್ನ ನಾಲಗಿ ಸೀಳತೀನಿ, ಸುಳ್ಳ ಹೇಳಬ್ಯಾಡ."

"ಬೇವಿನ ಗಿಡದ ಬುಡಕ್ಕ ಕಲ್ಲ ಅದಾವ. ಆ ಕಲ್ಲಿಗೆ ನೀ ಹಣಿ ಹಚ್ಚಿದ್ದೂ ನೋಡಿ ನಕ್ಕೀನಿ. ರಜಾಕಾರರು ಹೋದ ಮ್ಯಾಲ ಹುಡುಗ ಈ ಬದುವಿನ ಮಗ್ಗಲಕ್ಕ ಬಿದ್ದಿದ್ದ. ಊರಾಗಿನ ಒಬ್ಬ ಗಂಡಸು ಹೊರಗ ಬರಲಿಲ್ಲ. ನನ್ನ ಗಂಡ ಅಗದಾನ. ನಾ ಮಣ್ಣ ಎಳದೀನಿ. ಇದರ ಕೆಳಗ."

ಕುಡಗೋಲಿನ ತುದಿಯಿಂದ ಕುಸುಬಿಯ ಸಾಲು ತೋರಿಸಿದಳು. ಅಲ್ಲಿ ಈಗಷ್ಟೇ ಚೆಲ್ಲಿದ ಭಜ್ಜಿ ರೊಟ್ಟಿಯ ಚೂರು ಬಿದ್ದಿತ್ತು, ಚಪ್ಪಲಿಯ ಗುರುತಿತ್ತು.

"ಕೇಳಬ್ಯಾಡ ಅಕ್ಕಾ," ಎಂದ ಭಾಗಪ್ಪ. "ಗಂಡ ಹೋಗಿ ಇದಕ್ಕ ತಲಿ ಕೆಟ್ಟದ. ನಾ ನನ್ನ ಕೈಯಾರೆ..."

"ಸುಮ್ಮನಿರು." ದುಂಡಮ್ಮ ಮಸ್ತಾನಬಿಯ ಕಡೆಗೇ ನೋಡುತ್ತಿದ್ದಳು. "ಹೆಂಗ ಇಟ್ಟ ನಿನ್ನ ಗಂಡ?"

"ನಮಗ ಗೊತ್ತಿದ್ದಂಗ ಇಟ್ಟ. ಬಲ ಮಗ್ಗಲಕ್ಕ ಮಲಗ್ಸಿ, ಮುಖ ಪಡುವಣಕ್ಕ ತಿರುವಿ. ನಿಮ್ಮಪ್ಪ ಸತ್ತಾಗ ಲಿಂಗ ಎಡಗೈಯಾಗ ಇಟ್ಟದ್ದಷ್ಟ ನೋಡಿದ್ದ. ಅದಕ್ಕ ಲಿಂಗ ತಗದು ಎಡಗೈಯಾಗ ಇಟ್ಟು ಬಟ್ಟಿ ಸುತ್ತಿದ."

"ಮಲಗ್ಸಿದ್ನಾ?" ಎಂದುಬಿಟ್ಟ ಭಾಗಪ್ಪ. "ಕೂಡಿಸಿಲ್ಲಾ?"

ಆಡಿದ ಮೇಲೆ ಅವನಿಗೆ ಅರಿವಾಯಿತು. ತಾನೇ ಕೂಡಿಸಿದೆನೆಂದವನು ಕೂಡಿಸಿದರೋ ಇಲ್ಲವೋ ಎಂದು ಇನ್ನೊಬ್ಬರನ್ನು ಕೇಳಿದ್ದ. ಮಲ್ಕಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ದುಂಡಮ್ಮ ತಮ್ಮನ ಕೆನ್ನೆಗೆ ಬಾರಿಸಿದಳು. ತುಂಬಿದ ಹೊಲದಲ್ಲಿ, ನೆಂಟರೆದುರಿಗೆ, ಹೆಂಡತಿ ಮಕ್ಕಳೆದುರಿಗೆ. ಅವನು ತಲೆ ಎತ್ತಲಿಲ್ಲ.

"ನೀ ಬರಲೇ ಇಲ್ಲ ಅಲ್ಲ?"

"ಬರಾಕ ಆಗಲಿಲ್ಲ ಅಕ್ಕಾ. ಮಿಲ್ಟ್ರಿ ಬಂದ ಮ್ಯಾಲ ಬಂದೆ. ಹೊಲದಾಗ ಹುಗದಾರ ಅಂತಷ್ಟ ಗೊತ್ತಿತ್ತು. ಎಲ್ಲಿ ಅಂತ ಕೇಳೂದಕ್ಕ ಜಹಾಂಗೀರ್ ಇರಲಿಲ್ಲ. ನಿನಗ ಏನಂತ ಹೇಳ್ಲಿ? ನೀ ಉಣ್ಣೂದು ಬಿಟ್ಟಿದ್ದಿ. ಕೂಡಿಸೀನಿ ಅಂದ ಮ್ಯಾಲ ಉಂಡಿ."

ಅವಳು ಕುಸುಬಿಯ ಮುಳ್ಳಿನಲ್ಲೇ ಕುಳಿತಳು. ಆದರೆ ಸಿಟ್ಟು ತಮ್ಮನ ಹತ್ತಿರವೇ ನಿಲ್ಲದೆ ಬದುವಿನ ಮೇಲಿದ್ದವಳ ಕಡೆಗೂ ಹೊರಳಿತು.

"ಲಿಂಗವಂತರ ಹುಡುಗನ್ನ ನಿಮ್ಮ ಹೆಣದಂಗ ಮಲಗ್ಸೀರಿ! ಜಂಗಮರಿಲ್ಲ, ಪತ್ರಿ ಇಲ್ಲ, ವಿಭೂತಿ ಇಲ್ಲ! ಕೊಂದವರೂ ನಿಮ್ಮವರ, ಕೆಡಿಸಿದವರೂ ನೀವಽ. ನಿಮ್ಮ ಕೈಲಿ ಮಣ್ಣಾಗೂದಕ್ಕಿಂತ ಅವ ನಾಯಿ ನರಿ ಪಾಲಾಗಿದ್ರ ಚಲೋ ಇತ್ತು!"

"ಬಂದಿದ್ವು ನಾಯಿ," ಎಂದಳು ಮಸ್ತಾನಬಿ. "ಕಲ್ಲ ಒಗದು ಕಾದೀನಿ, ಆತ ಅಗಿಯೂ ತನಕ. ಬಿಡಬೇಕಿತ್ತು ನೋಡು. ತಪ್ಪಾತು."

ನೀಲಕಂಠಪ್ಪನಿಗೆ ಆಗ ಧೈರ್ಯ ಮರಳಿ ಬಂತು. ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಂಡಿದ್ದ.

"ಆಗಿದ್ದು ಆಗಿಹೋತು ದುಂಡವ್ವಾರ. ಈಗ ಏನೂ ಕೆಟ್ಟಿಲ್ಲ. ಇವತ್ತ ಅಗಸೋಣ. ಊರಾಗ ಮಠ ಅದ, ಅಯ್ಯನೋರನ್ನ ಕರಸೋಣ. ಸಿಕ್ಕಷ್ಟು ತಗದು ವಿಧಿವತ್ತಾಗಿ ಕೂಡಿಸಿದ್ರಾತು. ಏ ಭಾಗಪ್ಪ, ಹಾರಿ ಸಲಿಕಿ ತರಸು!"

ಅದೇ ಸರಿ ಎಂದು ಎಲ್ಲರಿಗೂ ಅನ್ನಿಸಿತು. ಎಲ್ಲರಿಗಿಂತ ಮೊದಲು ದುಂಡಮ್ಮನಿಗೇ ಅನ್ನಿಸಿತು. ಮಗನನ್ನು ಎಬ್ಬಿಸಿ ಕೂಡಿಸಬೇಕು. ಅದಾಗದ ಹೊರತು ಇನ್ನು ತಾನು ಪೂಜೆಗೆ ಕೂಡುವುದು ಹೇಗೆ? ಭಾಗಪ್ಪ ಬಂಡಿಯಿಂದ ಹಾರೆ, ಸಲಿಕೆ ತಂದ. ನೆಂಟರಲ್ಲಿ ಇಬ್ಬರು ಧೋತರ ಎತ್ತಿ ಕಟ್ಟಿದರು.

ಮಸ್ತಾನಬಿ ಬದು ಇಳಿದು ಬಂದು ಆ ಸಾಲಿನ ಮೇಲೆ ಬರಿಗಾಲಲ್ಲಿ ನಿಂತಳು.

"ಅಗೀರಿ. ನಿಮ್ಮ ಹೆಣ, ನಿಮ್ಮ ಹೊಲ. ಆದ್ರ ನನ್ನ ಗಂಡ ಎಲ್ಲಿದ್ದಾನ ಹೇಳಿ ಆಮ್ಯಾಲ ಅಗೀರಿ. ನಿಮ್ಮವನ ಜಾಗ ನಿಮಗ ಸಿಕ್ತು. ನನ್ನವನದು ಕೊಡ್ರಿ."

"ಅದು ನಮಗ ಹೆಂಗ ಗೊತ್ತಾಗಬೇಕು?" ಎಂದ ಭಾಗಪ್ಪ.

"ನಿನಗಽ ಗೊತ್ತದ. ಆ ಗುಂಪಿನ ಹಿಂದ ನೀ ಇದ್ದಿ. ನಾ ಛಾವಣಿ ಮ್ಯಾಲಿಂದ ನೋಡೀನಿ."

ದುಂಡಮ್ಮ ತಲೆ ಎತ್ತಿದಳು. ಮಸ್ತಾನಬಿಯ ಮೇಲೆ ಅವಳಿಗೆ ಆ ಗಳಿಗೆಯಲ್ಲೂ ಪ್ರೀತಿ ಹುಟ್ಟಲಿಲ್ಲ. ಆ ಹೆಂಗಸಿನ ಮುಖ ನೋಡಿದರೆ ಮೈ ಉರಿಯುತ್ತಿತ್ತು. ಆದರೆ ಅವಳು ಕೇಳಿದ ಮಾತು ದುಂಡಮ್ಮನಿಗೆ ಚೆನ್ನಾಗಿ ಗೊತ್ತಿದ್ದ ಮಾತು. ಆ ಶ್ರಾವಣದಲ್ಲಿ ಶಹಾಬಜಾರಿನ ಮನೆಯೊಳಗೆ ಕುಳಿತು, ಬಂದವರನ್ನೆಲ್ಲ ತಾನು ಕೇಳಿದ್ದೂ ಅದನ್ನೇ, ಎಲ್ಲಿಟ್ಟಿರಿ ಎಂದು.

"ಹೇಳು ಭಾಗಪ್ಪಾ," ಎಂದಳು.

"ಅಕ್ಕಾ, ಹಬ್ಬದ ದಿನ ಆ ಮಾತ ಯಾಕ? ಎಲ್ಲಾರೂ ಹಸದಾರ. ಮೊದಲು ಉಂಡು..."

"ನಾ ಉಣ್ಣೂದಿಲ್ಲ."

ಮಲ್ಕಮ್ಮ ಹೆದರಿದಳು. ಎಳ್ಳಮಾವಾಸ್ಯೆಯ ದಿನ ಹೊಲಕ್ಕೆ ಬಂದವರು ಹಸಿದು ಹೋಗಬಾರದು. ಅದರಲ್ಲೂ ಮನೆಯ ಹೆಣ್ಣುಮಗಳು ತುತ್ತು ಮುಟ್ಟದೆ ಎದ್ದುಹೋದರೆ ಆ ಹೊಲದ ಕಾಳು ಮನೆಗೆ ಹತ್ತುವುದಿಲ್ಲವೆಂದು ಅವರ ನಂಬಿಕೆ.

"ಅಕ್ಕಾರ, ನಿಮ್ಮ ಕಾಲ ಬೀಳತೀನಿ, ಒಂದ ತುತ್ತು..."

"ಅವನ ಬಾಯಿಂದ ಬರಲಿ. ಇವತ್ತೊಂದು ದಿನ ನಿನ್ನ ಗಂಡ ಖರೆ ಮಾತಾಡ್ಲಿ. ಅಲ್ಲೀ ತನಕ ಯಾರೂ ಎಲಿ ಮುಟ್ಟಬ್ಯಾಡ್ರಿ."

ಯಾರೂ ಮುಟ್ಟಲಿಲ್ಲ. ರೊಟ್ಟಿಯ ಬುಟ್ಟಿಯ ಮೇಲೆ ನೊಣ ಕುಳಿತವು. ಪಕ್ಕದ ಹೊಲಗಳಲ್ಲಿ ಚರಗ ಮುಗಿದು ಊಟದ ಗದ್ದಲ ಎದ್ದಿತ್ತು. ನೆಂಟರ ಮಕ್ಕಳು ಅತ್ತವು. ನೀಲಕಂಠಪ್ಪ ಗೊಣಗಿದ, ತಿರುಗಾಡಲು ಬಂದವರಿಗೆ ಇದೇನು ಶಿಕ್ಷೆ ಎಂದು. ಅವನ ಹೆಂಡತಿ ಅವನನ್ನು ಕಣ್ಣಿನಲ್ಲೇ ಗದರಿದಳು. ಮಸ್ತಾನಬಿ ಆ ಸಾಲಿನಿಂದ ಕದಲಲಿಲ್ಲ. ದುಂಡಮ್ಮನೂ ಕದಲಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ.

ಕೊನೆಗೆ ಭಾಗಪ್ಪ ಸಲಿಕೆಯನ್ನು ನೆಲಕ್ಕೆ ಒಗೆದು, ಯಾರಿಗೂ ಏನೂ ಹೇಳದೆ, ಹೊಲ ದಾಟಿ ನಡೆದ. ಮಸ್ತಾನಬಿ ಹಿಂಬಾಲಿಸಿದಳು. ದುಂಡಮ್ಮನೂ ಹೋದಳು, ಅವಳ ನೆರಳು ತಾಗದಷ್ಟು ದೂರದಲ್ಲಿ.

ಹಳ್ಳದ ದಂಡೆಯಲ್ಲಿ ಯಾರ ಪಾಲಿಗೂ ಸೇರದ ಒಂದು ಹಾಳುಬಾವಿ ಇತ್ತು. ಈಗ ಅದು ಬಾವಿಯಾಗಿರಲಿಲ್ಲ. ಕಲ್ಲು ಮಣ್ಣು ತುಂಬಿ ನೆಲದ ಮಟ್ಟಕ್ಕೆ ತಂದಿದ್ದರು. ಮೇಲೆ ಜಾಲಿ ಬೆಳೆದಿತ್ತು.

"ಇಲ್ಲಿ," ಎಂದ ಭಾಗಪ್ಪ. "ನಾ ಕೈ ಹಚ್ಚಿಲ್ಲ. ನಿಂತಿದ್ದೆ ಅಷ್ಟ."

ಮಸ್ತಾನಬಿ ಆ ಜಾಲಿಯ ಬುಡಕ್ಕೆ ಹೋಗಿ ನಿಂತಳು.

"ಯಾವ ಮಗ್ಗಲಕ್ಕ ಇಟ್ರು?" ಎಂದು ಕೇಳಿದಳು. ಆ ದಿನ ಅವಳು ಮೆಲ್ಲಗೆ ಆಡಿದ ಮಾತು ಅದೊಂದೇ.

ಭಾಗಪ್ಪ ಅಕ್ಕನ ಕಡೆ ನೋಡಿದ, ಕಾಪಾಡು ಎನ್ನುವಂತೆ.

"ಹೇಳು," ಎಂದಳು ದುಂಡಮ್ಮ.

"ಇಡಲಿಲ್ಲ. ಒಗದ್ರು."

ಹಳ್ಳದಾಚೆಯ ಹೊಲದಲ್ಲಿ ಯಾರೋ ಜೋಕಾಲಿ ಆಡುತ್ತ ಹಾಡುತ್ತಿದ್ದರು. ದುಂಡಮ್ಮನ ಕೈ ತನ್ನ ಎದೆಯ ಮೇಲಿನ ಲಿಂಗವನ್ನು ಹಿಡಿಯಿತು. ಬಲ ಮಗ್ಗುಲಿಗೆ ಮಲಗಿಸಿ, ಮುಖ ತಿರುಗಿಸಿ, ಬಟ್ಟೆ ಸುತ್ತಿದ ಆ ಕೈಗಳನ್ನು ಅವಳು ಆಗ ಮೊದಲ ಸಲ ನೆನೆದಳು. ನೆನೆಯಬಾರದೆಂದು ಎಷ್ಟು ಹಟ ಮಾಡಿದರೂ ಅವು ಕಣ್ಣ ಮುಂದೆ ಬಂದವು.

ಹಿಂದಿನಿಂದ ನೀಲಕಂಠಪ್ಪ, ನೆಂಟರು ಎಲ್ಲ ಬಂದು ನಿಂತಿದ್ದರು. ಒಬ್ಬನ ಹೆಗಲ ಮೇಲೆ ಹಾರೆ ಇತ್ತು. ದುಂಡಮ್ಮ ಜಾಲಿಯ ಕಡೆ ಕೈ ಮಾಡಿ ಅವನಿಗೆ ಹೇಳಿದಳು:

"ಮೊದಲು ಇಲ್ಲಿ ಅಗಿ. ಇವನ್ನ ತಗದು ಇಕಿಗೆ ಕೊಡ್ರಿ."

ಮಸ್ತಾನಬಿ ಗಕ್ಕನೆ ತಿರುಗಿದಳು. ಕುಡಗೋಲು ಇನ್ನೂ ಕೈಯಲ್ಲೇ ಇತ್ತು.

"ಯಾರೂ ಮುಟ್ಟಬ್ಯಾಡ್ರಿ! ಒಮ್ಮೆ ನಿಮ್ಮ ಕೈ ಅವಗ ಹತ್ತಿದ್ದು ಸಾಕು. ಇನ್ನೊಮ್ಮೆ ಹತ್ತೂದು ಬ್ಯಾಡ. ನಡೀರಿ ಇಲ್ಲಿಂದ. ನೀನೂ ನಡಿ, ಬಾಯೀ. ನಿನ್ನ ಪುಣ್ಯ ನನಗ ಬೇಕಾಗಿಲ್ಲ. ನಡಿ!"

ದುಂಡಮ್ಮ ಬಂದ ದಾರಿಯಲ್ಲೇ ತಿರುಗಿ ನಡೆದಳು. ಅವಳ ಹಿಂದೆ ಉಳಿದವರು. ಕುಸುಬಿಯ ಹತ್ತಿರ ಬಂದಾಗ ನೀಲಕಂಠಪ್ಪ ಮುಂದಾಗಿ, ಅಯ್ಯನವರಿಗೆ ಆಳು ಕಳಿಸಲೇ, ಹೊತ್ತು ಮುಳುಗುವ ಮೊದಲೇ ಅಗೆದು ಮುಗಿಸಬಹುದು ಎಂದ. ಹಾರೆ ಹಿಡಿದವನು ಅದರ ಮೊನೆಯನ್ನು ಸಾಲಿಗೆ ಇಟ್ಟ.

"ಎತ್ತು ಅದನ್ನ," ಎಂದಳು ದುಂಡಮ್ಮ.

"ಮತ್ತ ಹುಡುಗನ್ನ ಹಿಂಗಽ ಮಲಗಿಸಿ ಬಿಡೂದಾ?" ಎಂದ ಭಾಗಪ್ಪ. "ಧರ್ಮ ಅಂತ ಒಂದದ ಅಕ್ಕಾ."

"ಹಾರಿ ಎತ್ತು ಅಂದೆ. ನಿಮ್ಮ ಕೈ ನನ್ನ ಮಗಗ ಹತ್ತೂದು ಬ್ಯಾಡ."

ಅವರು ಹಿಂದೆ ಸರಿದರು. ಅವಳು ಬಾಗಿ, ಆ ಸಾಲಿನ ಕುಸುಬಿಯನ್ನು ಒಂದೊಂದೇ ಗಿಡವಾಗಿ ಕಿತ್ತು ಬದಿಗೆ ಹಾಕಿದಳು. ಒಬ್ಬ ಮನುಷ್ಯ ಮಲಗುವಷ್ಟು ನೆಲ ತೆರವಾಯಿತು. ಮುಳ್ಳಿಗೆ ಕೈಯೆಲ್ಲ ರಕ್ತವಾಗಿತ್ತು. ಮಲ್ಕಮ್ಮ ಓಡಿಬಂದು ನೀರು ಹಿಡಿದಳು, ರೊಟ್ಟಿ ಹಿಡಿದಳು. ದುಂಡಮ್ಮ ಎರಡನ್ನೂ ದೂಡಿ, ಸೆರಗಿಗೆ ಕೈ ಒರೆಸಿಕೊಂಡು, ಬಂಡಿಗೂ ಕಾಯದೆ ಮೋಟಾರಿನ ದಾರಿ ಹಿಡಿದಳು.